ಅತ್ತೆಯ ಹಲ್ಲೂ ಅರ್ಧ ಶಟರೂ

ಗಂಡಸಾದವನಿಗೆ ಅತ್ತೆಯ ಮುಂದೆ ಕೊಚ್ಚಿಕೊಳ್ಳುವ ಚಪಲ ಇರಬಾರದು. ಇದ್ದರೂ ಅದು ಬಾಯಲ್ಲೇ ಮುಗಿದುಹೋಗಬೇಕು, ಕೈಗೆ ಇಳಿಯಬಾರದು. ನಮ್ಮ ಹಲ್ಲಣ್ಣನಿಗೆ ಕೈಗೇ ಇಳಿಯಿತು. ಅದರಿಂದ ಒಂದು ಬೀದಿಗೆ ಬೀದಿಯೇ ಬಗ್ಗಿ ನಡೆಯುವಂತಾಯಿತು.

ಹಲ್ಲಣ್ಣ ಎಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸಿದರೆ ಅದಕ್ಕೆ ತಕ್ಕಂತೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಬೀದಿಯ ಕೊನೆಗೆ ಅವನದೊಂದು ಪುಟ್ಟ ಅಂಗಡಿ. ಒಳಗೆ ಮೇಣದ ಹಾಳೆ, ಪ್ಲಾಸ್ಟರಿನ ಪುಡಿ, ಉಜ್ಜುವ ಮೋಟರು, ಕುದಿಸುವ ಪಾತ್ರೆ. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಊರಿನ ದೊಡ್ಡ ಮನುಷ್ಯರ ದವಡೆಗಳ ಅಚ್ಚುಗಳು, ಯಾವುದರ ಮೇಲೂ ಹೆಸರಿಲ್ಲದೆ, ನಂಬರು ಮಾತ್ರ ಹೊತ್ತು, ಮೌನವಾಗಿ ಕೂತಿದ್ದವು. ಕೆಲಸದಲ್ಲಿ ಹಲ್ಲಣ್ಣ ಗಟ್ಟಿಗ. ಉಳಿದ ವಿಷಯದಲ್ಲಿ ಮಾತ್ರ ಅವನ ತಲೆ ಸದಾ ಹೌದೆಂದೇ ಆಡುತ್ತಿತ್ತು. ಮಳೆ ಬರುತ್ತದೆ ಎಂದವರಿಗೂ ಹೌದು, ಎಲ್ಲಿ ಬರುತ್ತದೆ ಬಿಡಿ ಎಂದವರಿಗೂ ಹೌದು.

ಆ ಸಲ ಅತ್ತೆ ನಾಲ್ಕು ದಿನ ಇದ್ದು ಹೋಗೋಣವೆಂದು ಮಗಳ ಮನೆಗೆ ಬಂದಿದ್ದರು. ಊಟಕ್ಕೆ ಕೂತಾಗ ಅವರ ಬಾಯಿಂದ ಟಕ್ ಎಂದು ಸದ್ದು ಬಂತು. ಹಲ್ಲಣ್ಣ ತಟ್ಟೆಯಿಂದ ತಲೆಯೆತ್ತಿದ.

"ಅತ್ತೆ, ಈ ಸೆಟ್ಟು ಯಾರು ಮಾಡಿದ್ದು? ಇದು ಹಲ್ಲಲ್ಲ, ಬಾಗಿಲ ಚಿಲಕ! ನನ್ನ ಕೈಗೆ ಕೊಡಿ. ಎರಡೇ ದಿನ. ಮದುವೆಯಲ್ಲಿ ನಕ್ಕಿದ್ರಲ್ಲ, ಹಾಗೆ ನಗಬೇಕು ನೀವು."

"ಪರವಾಗಿಲ್ಲ ಅಳಿಯಂದಿರೇ, ಹೇಗೋ ನಡ್ಕೊಂಡು ಹೋಗ್ತಿದೆ," ಎಂದರು ಅತ್ತೆ.

"ಕೊಡಮ್ಮಾ," ಎಂದಳು ಹೆಂಡತಿ. "ಅವರಿಗೆ ನೆಟ್ಟಗೆ ಬರೋದು ಇದೊಂದೇ ಕೆಲಸ."

ಹಲ್ಲಣ್ಣ ಅವರ ಬಾಯಿಯ ಅಳತೆ ತೆಗೆದ, ಸೆಟ್ಟು ಅಂಗಡಿಗೆ ಒಯ್ದ. ಹಲ್ಲುಗಳು ಚೆನ್ನಾಗಿದ್ದವು, ಕೂರಿಸಿದ ಪಾಯ ಮಾತ್ರ ಕೆಟ್ಟಿತ್ತು. ಹಾಗಾಗಿ ಹಿಂದೆ ಮುಂದೆ ನೋಡದೆ ಹಳೇ ಪಾಯ ಕತ್ತರಿಸಿ, ಒಂದೊಂದೇ ಹಲ್ಲು ಬಿಡಿಸಿ, ಹೊಸ ಮೇಣದಲ್ಲಿ ಸಾಲಾಗಿ ನೆಟ್ಟ. ನಾಳೆ ಪ್ಲಾಸ್ಟರಿನಲ್ಲಿ ಮುಚ್ಚಿ, ಮೇಣ ಕರಗಿಸಿ, ಗುಲಾಬಿ ಬಣ್ಣದ ವಸಡು ತುಂಬಿ ಬೇಯಿಸಿದರಾಯಿತು ಎಂದುಕೊಂಡು ಶಿಳ್ಳೆ ಹಾಕುತ್ತ ಮನೆಗೆ ಬಂದ. ಅಂದೇ ಸಂಜೆ ಟಿವಿಯಲ್ಲಿ ಹೇಳಿದರು: ರೋಗ ಹರಡುತ್ತಿದೆ, ನಾಳೆಯಿಂದ ಎಲ್ಲ ಬಂದ್. ಯಾರೂ ಮನೆಯಿಂದ ಹೊರಗೆ ಕಾಲಿಡಬಾರದು.

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಅತ್ತೆಯ ಮುಖ ನೋಡಿದ. ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡರು.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ. ಆ ಮನೆಯಲ್ಲಿ ಲಾಕ್‌ಡೌನಿಗೆಂದು ತಂದಿಟ್ಟ ಕಡಲೆಯ ಡಬ್ಬಿಯೂ ತುಂಬಿತ್ತು. ಅತ್ತೆ ಅದರ ಕಡೆ ನೋಡುತ್ತಿರಲಿಲ್ಲ. ಒಂದು ಮಾಸ್ಕು ಹಾಕಿಕೊಂಡು ಕಿಟಕಿಯ ಬಳಿ ಕೂತುಬಿಟ್ಟರು. ಮನೆಯೊಳಗೂ ಮಾಸ್ಕು ತೆಗೆಯಲಿಲ್ಲ, ಊಟಕ್ಕೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಹಲ್ಲಣ್ಣ ಬೈಗುಳಕ್ಕೆ ತಯಾರಾಗಿದ್ದ. ಅತ್ತೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಅದಕ್ಕೂ ದಾರಿಯಿಲ್ಲದೆ ಅವನು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬ್ರೆಡ್ಡಿನ ಅಂಚು ಕತ್ತರಿಸಿ, ಬಿಸಿ ಹಾಲಿನಲ್ಲಿ ನೆನೆಸಿ, ಬಟ್ಟಲನ್ನು ಸದ್ದಿಲ್ಲದೆ ಅತ್ತೆಯ ಪಕ್ಕ ಇಟ್ಟು ಓಡುತ್ತಿದ್ದ.

ಊಟದ ಕಷ್ಟ ಹೇಗೋ ಕಳೆಯುತ್ತಿತ್ತು. ಕಳೆಯದೇ ಉಳಿದದ್ದು ಭಾನುವಾರದ ಕಷ್ಟ.

ಅತ್ತೆಗೆ ಬೇರೆ ಊರಿನಲ್ಲಿ ಒಬ್ಬ ಅಣ್ಣ. ಜೀವಮಾನವೆಲ್ಲ ಕಾರ್ಖಾನೆಯ ಬಾಯ್ಲರಿನ ಪಕ್ಕ ದುಡಿದು ಕಿವಿ ಪೂರ್ತಿ ಕಳೆದುಕೊಂಡವರು. ತುಟಿಯ ಆಟ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಅದರಲ್ಲೂ ತಂಗಿಯ ತುಟಿ ಅವರಿಗೆ ಬಾಯಿಪಾಠ. ಭಾನುವಾರ ಬಂತೆಂದರೆ ಇಬ್ಬರೂ ಫೋನಿನ ವಿಡಿಯೊದಲ್ಲಿ ಎದುರುಬದುರು ಕೂರುತ್ತಿದ್ದರು. ಹೇಗೂ ಅಣ್ಣನಿಗೆ ಕೇಳುವುದಿಲ್ಲವಲ್ಲ ಎಂದು ಅತ್ತೆ ದನಿಯೇ ಇಲ್ಲದೆ ಬರೀ ತುಟಿ ಆಡಿಸುತ್ತಿದ್ದರು. ಅಣ್ಣನಿಗೆ ತನ್ನ ದನಿಯೂ ಕೇಳದ್ದರಿಂದ ಮೂರು ಮನೆಗೆ ಕೇಳುವಂತೆ ಕಿರುಚುತ್ತಿದ್ದರು. ಹಲ್ಲು ಹೋದ ಮೊದಲ ಭಾನುವಾರ ಅತ್ತೆ ಹಾಗೇ ಮಾತಾಡಲು ನೋಡಿದರು. ಹಲ್ಲಿನ ಆಸರೆಯಿಲ್ಲದ ತುಟಿ ಒಳಗೆ ಮಡಚಿಕೊಂಡಿತು. ಅಣ್ಣನಿಗೆ ಒಂದಕ್ಷರ ಹೊಳೆಯಲಿಲ್ಲ.

"ಯಾಕೇ ತುಟಿ ಬಿಗಿದ್ಕೊಂಡು ಗೊಣಗ್ತೀಯ? ನನ್ ಮೇಲೆ ಸಿಟ್ಟಾ?" ಎಂದು ಅವರು ಕಿರುಚಿದ್ದೇ ತಡ, ಅತ್ತೆ ನಾಚಿಕೆಯಿಂದ ಫೋನು ಮಗುಚಿಬಿಟ್ಟರು. ಆಮೇಲಿನ ಭಾನುವಾರಗಳಲ್ಲಿ ಫೋನಿನ ಹತ್ತಿರವೇ ಬರಲಿಲ್ಲ.

"ಹಲ್ಲಿಲ್ಲ ಅಂತ ಒಂದು ಸಾಲು ಬರೆದು ಹಾಕಿದ್ರೆ ಮುಗೀತಲ್ಲಮ್ಮಾ!" ಎಂದಳು ಮಗಳು.

ಅತ್ತೆ ಎರಡೂ ಕೈ ಅಡ್ಡ ಆಡಿಸಿದರು. ಕಾರಣವಿತ್ತು. ಆ ಅಣ್ಣನಿಗೆ ತನ್ನ ಹಲ್ಲಿನ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ಈ ವಯಸ್ಸಿನಲ್ಲೂ ಕಬ್ಬಿಣ ಅಗಿಯುತ್ತೇನೆ ಎಂದು ಕಂಡವರಿಗೆಲ್ಲ ಹಲ್ಲು ಕಿರಿದು ತೋರಿಸುವ ಮನುಷ್ಯ. ತಂಗಿಯದು ಕಟ್ಟಿಸಿದ ಹಲ್ಲೆಂದು ಅವರಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಅತ್ತೆಗೆ ಬೇಕೂ ಇರಲಿಲ್ಲ. ಕೊನೆಗೆ ಅಣ್ಣನಿಂದ ಮಗಳ ಫೋನಿಗೆ ಒಂದು ಸಂದೇಶ ಬಂತು: "ಈ ಭಾನುವಾರವೂ ನಿನ್ನಮ್ಮ ಮುಖ ತೋರಿಸದಿದ್ದರೆ ನಾನು ಇನ್ನೆಂದೂ ಕರೆಯುವುದಿಲ್ಲ. ನನಗೂ ಮಾನ ಇದೆ."

ಅತ್ತೆ ಅದನ್ನು ಓದಿಸಿಕೊಂಡು ಕಿಟಕಿಯ ಕಡೆ ತಿರುಗಿದರು. ಮಾಸ್ಕು ಒದ್ದೆಯಾದದ್ದು ಹಲ್ಲಣ್ಣನಿಗೆ ಕಂಡಿತು.

ಹಾಗಾದರೆ ಅಂಗಡಿ ತೆಗೆದು ಕೆಲಸ ಮುಗಿಸಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಹಲ್ಲಣ್ಣನೂ ಮೊದಲ ವಾರವೇ ಕೇಳಿದ್ದ. ಅಗತ್ಯ ಸೇವೆಗಳಿಗೆ ವಿನಾಯಿತಿ ಎಂದು ಗಾಡಿಯಲ್ಲಿ ಸಾರಿಕೊಂಡು ಹೋಗಿದ್ದರು. ತನ್ನದು ಅಗತ್ಯವೋ ಅಲ್ಲವೋ ಎಂದು ಅವನು ಕೇಳಿದ್ದು ಮಾತ್ರ ಎದುರುಮನೆಯವರನ್ನು.

ಎದುರುಮನೆಯ ಮೊದಲ ಮಹಡಿಯಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರು. "ಹಲ್ಲು ಅಗತ್ಯವೇ?" ಎಂದು ಅವರು ಕಣ್ಣು ಮುಚ್ಚಿ ಯೋಚಿಸಿ, "ಹುಟ್ಟುವಾಗ ತಂದಿದ್ರೇನ್ರೀ? ಇಲ್ಲ ತಾನೇ? ಅಂದ ಮೇಲೆ ಅಗತ್ಯ ಅಲ್ಲ," ಎಂದು ತೀರ್ಪು ಕೊಟ್ಟರು.

"ಹೌದು," ಎಂದ ಹಲ್ಲಣ್ಣ.

ಅದರ ಪಕ್ಕದ ಮನೆಯಲ್ಲಿ ಬೂಟಿನಂಗಡಿಯ ಯಜಮಾನರು. "ನನ್ನ ಬೂಟೇ ಅಗತ್ಯ ಅಲ್ಲ ಅಂದ್ಮೇಲೆ ನಿಮ್ಮ ಹಲ್ಲು ಯಾವ ಮೂಲೆಗೆ?" ಎಂದರು ಅವರು ಹೊಟ್ಟೆ ಉರಿದುಕೊಂಡು.

"ಅದೂ ಹೌದು," ಎಂದ ಹಲ್ಲಣ್ಣ.

ಇದರ ಮೇಲೆ ಇನ್ನೊಂದು ಭಯ. ಆ ವಾರ್ಡಿನ ಅಧಿಕಾರಿ ಭಾರೀ ಖಡಕ್ಕು ಎಂದು ಹೆಸರಾದವರು. ದಪ್ಪ ಮಾಸ್ಕು, ಜೀಪು, ಮಾತಿಲ್ಲ ಕತೆಯಿಲ್ಲ, ಏನಿದ್ದರೂ ಕೈಸನ್ನೆ. ಬೀದಿಯವರು ಅವರನ್ನು ಮೌನಿ ಸಾಹೇಬರೆಂದು ಕರೆಯುತ್ತಿದ್ದರು. ದಿನಾ ಬೆಳಿಗ್ಗೆ ಅವರ ಜೀಪು ಬೀದಿಯಲ್ಲಿ ಬರುತ್ತಿತ್ತು, ಸರಿಯಾಗಿ ಹಲ್ಲಣ್ಣನ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಸಾಹೇಬರು ಮುಚ್ಚಿದ ಶಟರನ್ನು ದಿಟ್ಟಿಸಿ ನೋಡಿ, ತಲೆ ಅಡ್ಡಡ್ಡ ಆಡಿಸಿ, ಮುಂದಕ್ಕೆ ಹೋಗುತ್ತಿದ್ದರು.

"ಇಡೀ ಬೀದಿ ಬಿಟ್ಟು ನನ್ನ ಅಂಗಡಿ ಮೇಲೇ ಕಣ್ಣು ಕಣೇ," ಎಂದು ಹಲ್ಲಣ್ಣ ಪರದೆಯ ಸಂದಿಯಿಂದ ನೋಡಿ ಹೆಂಡತಿಗೆ ಹೇಳುತ್ತಿದ್ದ. "ಒಂದಿಂಚು ಎತ್ತಿದ್ರೂ ಒಳಗೆ ಹಾಕ್ತಾರೆ."

ಇಷ್ಟರಲ್ಲಿ ರೋಗದ ಕಾವು ಸ್ವಲ್ಪ ಇಳಿದು, ನಿರ್ಬಂಧ ಸಡಿಲಿಸಬೇಕೋ ಬೇಡವೋ ಎಂಬ ಚರ್ಚೆ ಎಲ್ಲೆಲ್ಲೂ ಎದ್ದಿತು. ಶನಿವಾರ ಸಾಹೇಬರೇ ಬೀದಿಗೆ ಬಂದು ಜನರ ಅಭಿಪ್ರಾಯ ಕೇಳುತ್ತಾರೆಂದು ಸುದ್ದಿ ಬಂತು. ಆವತ್ತಿನಿಂದ ಬೀದಿಯಲ್ಲಿ ಸಂಜೆಯಾದರೆ ಬಾಲ್ಕನಿ ಸಭೆ. ಮೇಷ್ಟ್ರು ಮುಚ್ಚಿರಬೇಕೆಂಬ ಪಕ್ಷ, ಯಜಮಾನರು ತೆರೆಯಬೇಕೆಂಬ ಪಕ್ಷ. ಉಳಿದವರೆಲ್ಲ ಅವರವರ ಬಾಲ್ಕನಿಯಲ್ಲಿ ಚಹಾ ಹಿಡಿದು ನಿಲ್ಲುವ ಪಕ್ಷ.

ಮೇಷ್ಟ್ರು ತಮ್ಮ ಹಳೇ ಭೂಗೋಳದ ಗುಂಡನ್ನೇ ಬಾಲ್ಕನಿಗೆ ತಂದು ತಿರುಗಿಸುತ್ತಿದ್ದರು. "ನೋಡ್ರೀ! ಇಷ್ಟೂ ಮುಚ್ಚಿದೆ. ಸಮುದ್ರ ಒಂದು ಬಿಟ್ಟು ಎಲ್ಲ ಮುಚ್ಚಿದೆ. ಇದರಲ್ಲಿ ನಿಮ್ಮ ಬೂಟಿನಂಗಡಿ ಎಲ್ಲಿದೆ, ಬೆರಳಿಟ್ಟು ತೋರಿಸಿ!"

"ಮಕ್ಕಳ ಕಾಲು ಲಾಕ್‌ಡೌನ್ ಅಂತ ಬೆಳೆಯೋದು ನಿಲ್ಲಿಸುತ್ತಾ ಮೇಷ್ಟ್ರೇ?" ಎಂದು ಯಜಮಾನರು ಕೈಯಲ್ಲಿ ಒಂದು ಬೂಟು ಎತ್ತಿ ಹಿಡಿದು ಕೇಳುತ್ತಿದ್ದರು.

"ಹೊರಗೇ ಹೋಗದ ಕಾಲಿಗೆ ಬೂಟು ಯಾಕ್ರೀ?"

"ಹೋಗೋಕೆ ಬಿಡಿ, ಆಮೇಲೆ ಹೇಳ್ತೀನಿ ಯಾಕೆ ಅಂತ!"

ನಗು ಬರುವಂಥ ಜಗಳವೇ. ಆದರೆ ಇಬ್ಬರಲ್ಲೂ ಸತ್ಯವಿತ್ತು. ಮೇಷ್ಟ್ರ ಹೆಂಡತಿ ಈ ಜ್ವರದಲ್ಲೇ ಸಾವಿನ ಬಾಗಿಲು ತಟ್ಟಿ ವಾಪಸು ಬಂದಿದ್ದರು. ಈಗಲೂ ಒಂದು ಮೆಟ್ಟಿಲು ಹತ್ತಿದರೆ ಏದುಸಿರು. ಯಜಮಾನರ ಅಂಗಡಿಯ ಕೆಲಸಗಾರರಿಬ್ಬರು ದಿನಾ ಫೋನು ಮಾಡಿ, ಸಂಬಳದ ಮಾತೆತ್ತದೆ, ಚೆನ್ನಾಗಿದ್ದೀರಾ ಎಂದಷ್ಟೇ ಕೇಳಿ ಇಡುತ್ತಿದ್ದರು. ಹಾಗಾಗಿ ಇಬ್ಬರ ಮಾತೂ ಹೃದಯದಿಂದಲೇ ಬರುತ್ತಿತ್ತು. ಬರುವಾಗ ಸ್ವಲ್ಪ ಜೋರಾಗಿ ಬರುತ್ತಿತ್ತು, ಅಷ್ಟೆ.

ಇಬ್ಬರೂ ಸಾಕ್ಷಿಗೆ ಬೆರಳು ತೋರಿಸುತ್ತಿದ್ದದ್ದು ಹಲ್ಲಣ್ಣನ ಮನೆಯ ಕಿಟಕಿಗೆ.

"ಆ ತಾಯಿಯನ್ನ ನೋಡಿ ಕಲೀರಿ! ಮನೆಯೊಳಗೂ ಮಾಸ್ಕು! ಏನು ಶಿಸ್ತು!" ಎನ್ನುತ್ತಿದ್ದರು ಮೇಷ್ಟ್ರು.

"ಆ ತಾಯಿ ದಿನಾ ಬೀದಿ ನೋಡ್ತಾ ಕಣ್ಣೀರು ಹಾಕ್ತಾರೆ ಮೇಷ್ಟ್ರೇ! ಯಾವಾಗ ತೆಗೀತಾರೋ ಅಂತ!" ಎನ್ನುತ್ತಿದ್ದರು ಯಜಮಾನರು.

ಅತ್ತೆ ಏನೂ ಹೇಳಲಾರದೆ ಇಬ್ಬರಿಗೂ ಕೈಮುಗಿಯುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಜೀಪು ಬಂದು ಹೋದ ಮೇಲೆ ಹೆಂಡತಿ ಹಲ್ಲಣ್ಣನ ಕೈಗೆ ನೆಪಕ್ಕೊಂದು ತರಕಾರಿ ಚೀಲ ಕೊಟ್ಟಳು. "ರೀ, ನಾಡಿದ್ದು ಭಾನುವಾರ. ಅಣ್ಣ ತಂಗಿ ಮಾತು ಬಿಟ್ಟರೆ ಆ ಪಾಪ ನಿಮ್ಮ ತಲೆಗೇ. ಜೈಲಿಗೆ ಹಾಕಿದ್ರೆ ಹಾಕ್ಲಿ, ಬ್ರೆಡ್ಡು ನೆನೆಸಿ ತಂದ್ಕೊಡ್ತೀನಿ. ಹೋಗಿ."

"ಹೌದು," ಎಂದ ಹಲ್ಲಣ್ಣ. ಬೇರೆ ಮಾತು ಅವನಿಗೆ ಬರುತ್ತಿರಲಿಲ್ಲ.

ಅವನು ಹಾಕಿಕೊಂಡ ಉಪಾಯ ಸರಳ. ಗೋಡೆಗೆ ಅಂಟಿಕೊಂಡು ಹೋಗುವುದು, ಶಟರನ್ನು ನುಸುಳುವಷ್ಟು ಎತ್ತುವುದು, ಒಳಗೆ ಹೋಗಿ ಎಳೆದುಕೊಳ್ಳುವುದು. ಮೊದಲ ಹಂತ ಸುಸೂತ್ರವಾಗಿ ಆಯಿತು. ವಾರಗಟ್ಟಲೆ ಎಣ್ಣೆ ಕಾಣದ ಶಟರು ಒಂದೇ ಎಳೆತಕ್ಕೆ, ಸತ್ತವರನ್ನೂ ಎಬ್ಬಿಸುವಂತೆ ಕಿರ್ರೋ ಎಂದು ಅರಚಿ, ಸೊಂಟದೆತ್ತರಕ್ಕೆ ಎದ್ದು, ಗಟಕ್ಕನೆ ಕಚ್ಚಿಕೊಂಡಿತು. ಹಲ್ಲಣ್ಣ ಕೆಳಗೆ ಜಗ್ಗಿದ. ಇಲ್ಲ. ಮೇಲೆ ನೂಕಿದ. ಊಹೂಂ. ನೇತಾಡಿದ. ಅವನು ಅಲುಗಾಡಿದನೇ ಹೊರತು ಶಟರು ಅಲುಗಾಡಲಿಲ್ಲ. ಅತ್ತ ದರಿ, ಇತ್ತ ಪುಲಿ.

ಬೀದಿಯ ಕಿಟಕಿಗಳೆಲ್ಲ ಪಟಪಟನೆ ತೆರೆದುಕೊಂಡವು.

"ಭೇಷ್!" ಎಂದು ಯಜಮಾನರ ದನಿ ಮೊದಲು ಬಂತು. "ಇಡೀ ಬೀದಿಯಲ್ಲಿ ಒಬ್ಬ ಗಂಡಸು ಅಂಗಡಿ ತೆಗೆದ ನೋಡಿ!"

"ಏನ್ರೀ ತೆಗೆದದ್ದು? ಕಣ್ಣಿಲ್ವಾ? ಅರ್ಧ ಮುಚ್ಚಿದಾರೆ!" ಎಂದರು ಮೇಷ್ಟ್ರು. "ತೆಗೆಯೋ ಶಕ್ತಿ ಇದ್ದೂ ಅರ್ಧಕ್ಕೆ ನಿಲ್ಲಿಸಿದಾರೆ. ಸಂಯಮ ಅಂದ್ರೆ ಅದು!"

"ಅರ್ಧ ತೆಗೆದಿದಾರೆ!"

"ಅರ್ಧ ಮುಚ್ಚಿದಾರೆ!"

ಹಲ್ಲಣ್ಣ ಇದಾವುದನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಡಗಿಕೊಂಡು ಮಾಡಬೇಕಾದ ಕೆಲಸವನ್ನು ಬೀದಿಗೆಲ್ಲ ತನ್ನ ಕಾಲು ತೋರಿಸಿಕೊಂಡು ಮಾಡಬೇಕಾಗಿ ಬಂದಿತ್ತು. ಮೇಣದಲ್ಲಿ ನೆಟ್ಟ ಹಲ್ಲಿನ ಸಾಲು ಧೂಳು ಕುಡಿದು ಅಲ್ಲೇ ಕಾಯುತ್ತಿತ್ತು. ಅದರ ಮೇಲೆ ಬೆರಳಾಡಿಸಿ, "ಬಂದೆ ಅತ್ತೆ, ಬಂದೆ," ಎಂದುಕೊಂಡು ಪ್ಲಾಸ್ಟರು ಕಲಸಲು ಕೂತ.

ಸ್ವಲ್ಪ ಹೊತ್ತಿಗೆ ಯಜಮಾನರು ಮೆಲ್ಲಗೆ ಇಳಿದು ಬಂದು ಶಟರಿನ ಕೆಳಗಿಂದ ಬಗ್ಗಿ ನೋಡಿದರು. ಹಲ್ಲಣ್ಣನ ಎರಡೂ ಕೈ ಪ್ಲಾಸ್ಟರಿನಲ್ಲಿ, ಬಾಯಲ್ಲಿ ಮೇಣ ಕೊರೆಯುವ ಚಾಕು ಕಚ್ಚಿಕೊಂಡಿದ್ದ.

"ನಾಳೆ ಸಾಹೇಬರ ಮುಂದೆ ನೀವು ನಮ್ಮ ಕಡೆ ಅಂತ ಹೇಳ್ಬಹುದಾ?"

"ಹ್ಞೂಂ," ಎಂದ ಹಲ್ಲಣ್ಣ. ಬಾಯಲ್ಲಿ ಚಾಕು ಇಟ್ಟುಕೊಂಡು ಬೇರೇನು ಹೇಳಲು ಸಾಧ್ಯ?

ಅವರು ಹೋಗಿ ಚಹಾ ಆರುವಷ್ಟರಲ್ಲಿ ಮೇಷ್ಟ್ರ ತಲೆ ಬಗ್ಗಿತು. ಸೊಂಟ ಹಿಡಿದುಕೊಂಡು ಕೇಳಿದರು: "ನೀವು ವಿಚಾರವಂತರು. ಪೂರ್ತಿ ತೆಗೆಯೋದು ತಪ್ಪು ಅಂತ ತಾನೇ ನೀವು ಅರ್ಧಕ್ಕೆ ನಿಲ್ಲಿಸಿದ್ದು?"

"ಹ್ಞೂಂ."

ಮಧ್ಯಾಹ್ನದ ಹೊತ್ತಿಗೆ ಯಜಮಾನರು ತಮ್ಮ ಶಟರನ್ನೂ ಅಷ್ಟೇ ಎತ್ತರಕ್ಕೆ ಎತ್ತಿ ನಿಲ್ಲಿಸಿದರು. ಅದನ್ನು ನೋಡಿ ಪುಸ್ತಕದಂಗಡಿಯದು ಎದ್ದಿತು, ಗಡಿಯಾರದಂಗಡಿಯದೂ ಎದ್ದಿತು, ಕನ್ನಡಕದ್ದೂ ಎದ್ದಿತು. ಮೇಷ್ಟ್ರ ಪಕ್ಷದವರು ಬಿಟ್ಟಾರೆಯೇ? ಅವರು ತಮ್ಮ ತಮ್ಮ ಮನೆಯ ಬಾಗಿಲನ್ನು ಅರ್ಧ ಮುಚ್ಚಿ ನಿಂತರು. ಸಂಜೆಯ ವೇಳೆಗೆ ಬೀದಿಯಲ್ಲಿ ಪೂರ್ತಿ ತೆರೆದದ್ದೂ ಇಲ್ಲ, ಪೂರ್ತಿ ಮುಚ್ಚಿದ್ದೂ ಇಲ್ಲ. ಹಲ್ಲಣ್ಣನ ಅಂಗಡಿಯಿಂದ ಹಲ್ಲು ಬೇಯಿಸುವ ಪಾತ್ರೆಯ ಆವಿ ಬುಸುಬುಸು ಎಂದು ಹೊರಗೆ ಬರುತ್ತಿತ್ತು. ಒಳಗೆ ರೋಗಕ್ಕೆ ಔಷಧಿ ಕಾಯಿಸುತ್ತಿದ್ದಾರೆಂದು ಕನ್ನಡಕದಂಗಡಿಯವನ ಹೆಂಡತಿ ಹೇಳಿದಳು. ಅದನ್ನು ಅರ್ಧ ಜನ ನಂಬಿದರು. ಈ ಬೀದಿಯಲ್ಲಿ ಆವತ್ತು ಏನು ನಡೆದರೂ ಅರ್ಧವೇ.

ಶನಿವಾರ ಜೀಪು ಬಂತು. ಸುಣ್ಣದಲ್ಲಿ ಬರೆದ ದೂರ ದೂರದ ವೃತ್ತಗಳಲ್ಲಿ ಜನ ನಿಂತಿದ್ದರು. ಸಾಹೇಬರು ಇಳಿದು ಒಂದು ಮಾತೂ ಆಡದೆ ಕೈಯೆತ್ತಿ ಶುರುಮಾಡಿ ಎಂದು ಸನ್ನೆ ಮಾಡಿದರು. ಮೇಷ್ಟ್ರು ಗುಂಡು ತಿರುಗಿಸಿ ಮಾತಾಡಿದರು, ಸಾಹೇಬರು ತಲೆದೂಗಿದರು. ಯಜಮಾನರು ಬೂಟು ಎತ್ತಿ ಮಾತಾಡಿದರು. ಸಾಹೇಬರು ಅದಕ್ಕೂ ತಲೆದೂಗಿದರು. ಕೊನೆಗೆ ಇಬ್ಬರೂ ಒಟ್ಟಿಗೆ ಬೀದಿಯ ಕೊನೆಗೆ ಕೈ ತೋರಿಸಿ ಕೂಗಿದರು: "ಬೇಕಾದ್ರೆ ಹಲ್ಲಣ್ಣನನ್ನೇ ಕೇಳಿ ಸಾರ್! ಅವರು ನಮ್ಮ ಕಡೆ!"

ಸಾಹೇಬರು ಆ ಕಡೆ ತಿರುಗಿದರು. ಅರ್ಧ ಎದ್ದ ಶಟರು ಕಂಡದ್ದೇ ಅವರ ಕಣ್ಣು ಅರಳಿತು. ಯಾರೂ ಹಿಂದೆ ಬರಬಾರದೆಂದು ಕೈಸನ್ನೆ ಮಾಡಿ, ದಾಪುಗಾಲು ಹಾಕುತ್ತ ಹೋಗಿ, ಸೊಂಟ ಬಗ್ಗಿಸಿ ಶಟರಿನ ಕೆಳಗೆ ನುಸುಳಿಬಿಟ್ಟರು.

"ಆಯ್ತು, ಹಲ್ಲಣ್ಣ ಒಳಗೆ," ಎಂದರು ಯಾರೋ. ಅಷ್ಟು ಹೊತ್ತು ಕಾದಾಡಿದ ಮೇಷ್ಟ್ರು ಮತ್ತು ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನಾದ್ರೂ ಆದ್ರೆ ಇಬ್ರೂ ಹೋಗಿ ಬಿಡಿಸ್ಕೊಂಡು ಬರೋಣ," ಎಂದು ಮೇಷ್ಟ್ರು ಮೆಲ್ಲಗೆ ಅಂದರು. "ಬೂಟು ಹಾಕ್ಕೊಂಡು ಬರ್ತೀನಿ," ಎಂದರು ಯಜಮಾನರು.

ಒಳಗೆ ಹಲ್ಲಣ್ಣ ಅತ್ತೆಯ ಸೆಟ್ಟಿನ ಅಂಚು ಉಜ್ಜುತ್ತಿದ್ದವನು ಸಾಹೇಬರನ್ನು ಕಂಡು ಮೋಟರು ಆರಿಸುವುದನ್ನೂ ಮರೆತ.

"ತಪ್ಪಾಯ್ತು ಸಾರ್! ನಾನು ತೆಗೆಯೋ ಪಕ್ಷವೂ ಅಲ್ಲ, ಮುಚ್ಚೋ ಪಕ್ಷವೂ ಅಲ್ಲ. ಶಟರು ಸಿಕ್ಕಿಹಾಕ್ಕೊಂಡಿದೆ. ನಮ್ಮ ಅತ್ತೆಗೆ ಹಲ್ಲಿಲ್ಲ ಸಾರ್. ಅವರಣ್ಣನಿಗೆ ಕಿವಿಯಿಲ್ಲ. ನನಗೆ ಬುದ್ಧಿಯಿಲ್ಲ. ಇದೊಂದು ಮುಗಿಸಿಬಿಡ್ತೀನಿ, ಆಮೇಲೆ ಎಲ್ಲಿಗೆ ಅಂದ್ರೆ ಅಲ್ಲಿಗೆ ಬರ್ತೀನಿ."

ಸಾಹೇಬರು ಹಿಂದೆ ತಿರುಗಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಮಾಸ್ಕು ಕೆಳಗಿಳಿಸಿದರು. ಮೇಲಿನ ವಸಡು ಬಟಾಬಯಲು.

"ನಂದು ಎಲ್ರೀ?" ಎಂದರು. ಮಾತಿನ ಜೊತೆ ಅರ್ಧ ಗಾಳಿಯೂ ಬಂತು. "ಬಿರುಕು ಬಿಟ್ಟಿದೆ ಅಂತ ಡಾಕ್ಟರು ನಿಮಗೇ ಕಳಿಸಿದ್ದು. ದಿನಾ ಬಂದು ನೋಡ್ತಿದೀನಿ, ಈಗ ತೆಗೀತೀರಿ, ಆಗ ತೆಗೀತೀರಿ ಅಂತ. ಯಾಕ್ರೀ ತೆಗೀಲಿಲ್ಲ?"

ಹಲ್ಲಣ್ಣನ ತೆರೆದ ಬಾಯಿ ಮುಚ್ಚಲಿಲ್ಲ. "ನೀವೇ ಮುಚ್ಚಿ ಅಂದ್ರಲ್ಲ ಸಾರ್?"

"ನಾನು ಬೂಟಿಗೆ ಹೇಳಿದ್ದು, ಗಡಿಯಾರಕ್ಕೆ ಹೇಳಿದ್ದು. ಹಲ್ಲಿನ ಕೆಲಸ ಮೊದಲ ದಿನದಿಂದ ಅಗತ್ಯ ಸೇವೆ ಕಣ್ರೀ! ಆಸ್ಪತ್ರೆ ಲೆಕ್ಕದಲ್ಲಿ ಬರುತ್ತೆ. ನಿಮಗೆ ಯಾರು ಹೇಳಿದ್ದು ಅಲ್ಲ ಅಂತ?"

"ಎದುರುಮನೆ ಮೇಷ್ಟ್ರು," ಎಂದ ಹಲ್ಲಣ್ಣ. "ನೀವು ತಲೆ ಅಡ್ಡಡ್ಡ ಆಡಿಸ್ತಿದ್ರಿ. ನನಗೆ ಬೆದರಿಕೆ ಅನ್ನಿಸ್ತು."

"ಬೆದರಿಕೆ ಅಲ್ರೀ, ಹತಾಶೆ! ಬಾಯಿಬಿಟ್ಟು ಹೇಳೋಣ ಅಂದ್ರೆ ಬಾಯಿ ಬಿಡೋ ಹಾಗಿಲ್ಲ. ಹಲ್ಲಿಲ್ಲದ ಅಧಿಕಾರಿಯ ಮಾತನ್ನ ಯಾರು ಕೇಳ್ತಾರೆ?"

ಸಾಹೇಬರ ಸೆಟ್ಟಿನ ಬಿರುಕನ್ನು ಹಲ್ಲಣ್ಣ ಲಾಕ್‌ಡೌನಿಗೆ ಮೊದಲೇ ಬೆಸೆದಿಟ್ಟಿದ್ದ, ಯಾರದೆಂದು ತಿಳಿಯದೆ. ನಂಬರು ಕೇಳಿ, ಡಬ್ಬಿಯಿಂದ ತೆಗೆದು, ತೊಳೆದು, ಎರಡೂ ಕೈಯಲ್ಲಿ ಒಪ್ಪಿಸಿದ. ಸಾಹೇಬರು ಹಾಕಿಕೊಂಡರು; ಒಮ್ಮೆ ಕಚ್ಚಿ ನೋಡಿದರು, ಇನ್ನೊಮ್ಮೆ ಕಚ್ಚಿದರು. ಆಮೇಲೆ ಆ ಖಡಕ್ಕು ಮನುಷ್ಯ ಹಲ್ಲಣ್ಣನಿಗೆ ಕೈಮುಗಿದು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ," ಎಂದರು. ಹಲ್ಲಣ್ಣ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

ಹೊರಗೆ ಬಂದ ಸಾಹೇಬರು ಬೇರೆಯೇ ಮನುಷ್ಯ. ಮಾಸ್ಕಿನ ಹಿಂದಿನಿಂದ ಗಂಟೆ ಹೊಡೆದಂಥ ದನಿ ಹೊರಟಿತು. ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಒಟ್ಟಿಗೇ ಬಂದಂತಿತ್ತು.

"ಮೇಷ್ಟ್ರೇ, ನಿಮ್ಮ ಭಯ ನನಗೆ ಗೊತ್ತು, ಅದು ನ್ಯಾಯ. ಯಜಮಾನರೇ, ನಿಮ್ಮ ಕಷ್ಟವೂ ಗೊತ್ತು, ಅದೂ ನ್ಯಾಯ. ಇಬ್ಬರಿಗೂ ಉತ್ತರ ಆ ಕೊನೆ ಅಂಗಡಿಯಲ್ಲಿದೆ." ಎಲ್ಲರೂ ಹಲ್ಲಣ್ಣನ ಶಟರಿನ ಕಡೆ ನೋಡಿದರು. "ಅರ್ಧ! ಅರ್ಧ ದಿನ ತೆಗೀರಿ, ಒಳಗೆ ಅರ್ಧ ಜನ ಬಿಡಿ. ಬಗ್ಗಿ ಬರೋವಷ್ಟು ಅವಸರ ಯಾರಿಗಿದೆಯೋ ಅವರಷ್ಟೇ ಬರಲಿ. ವಯಸ್ಸಾದವರ ಮನೆಗೆ ಸಾಮಾನು ನೀವೇ ಮುಟ್ಟಿಸಿ. ಮೇಲಿನವರಿಗೂ ಇದನ್ನೇ ಬರೀತೀನಿ."

"ನಾನು ಹೇಳಿದ್ದೂ ಅದೇ!" ಎಂದರು ಮೇಷ್ಟ್ರು.

"ನಾನು ಹೇಳಿದ್ದು ಅದೇ!" ಎಂದರು ಯಜಮಾನರು. ಆ ಬೀದಿಯಲ್ಲಿ ಅಂದು ಸೋತವರು ಒಬ್ಬರೂ ಇರಲಿಲ್ಲ. ಇಂಥ ಚರ್ಚೆ ಎಲ್ಲ ಕಡೆ ಸಿಕ್ಕಬೇಕಾದರೆ ಪುಣ್ಯ ಮಾಡಿರಬೇಕು. ಮೇಷ್ಟ್ರ ಹೆಂಡತಿಗೆ ಒಂದು ಜೊತೆ ಮೆತ್ತನೆ ಚಪ್ಪಲಿಯನ್ನು ಯಜಮಾನರು ಅಂದೇ ಸಂಜೆ ಬಾಗಿಲಲ್ಲಿಟ್ಟು ಬಂದರು.

ಭಾನುವಾರ ಬೆಳಿಗ್ಗೆ ಹಲ್ಲಣ್ಣ ಹೊಸ ಸೆಟ್ಟನ್ನು ಬಟ್ಟಲಲ್ಲಿಟ್ಟು ಅತ್ತೆಯ ಪಕ್ಕ ಇಟ್ಟ. ದಿನಾ ಬ್ರೆಡ್ಡು ಇಟ್ಟು ಓಡುತ್ತಿದ್ದ ಹಾಗೆಯೇ ಓಡಿ ಬಾಗಿಲ ಹಿಂದೆ ನಿಂತುಕೊಂಡ. ಅತ್ತೆ ಗೋಡೆಯ ಕಡೆ ತಿರುಗಿ ಹಾಕಿಕೊಂಡರು. ಟಕ್ ಎನ್ನಲಿಲ್ಲ. ಮಾಸ್ಕು ಮಡಚಿ ಪಕ್ಕಕ್ಕಿಟ್ಟರು. ಫೋನಿನಲ್ಲಿ ಅಣ್ಣನ ಮುಖ ಬಂತು, ಸಿಟ್ಟು ಎಷ್ಟಿತ್ತೋ ಅಷ್ಟೂ ಮುಖದ ಮೇಲಿತ್ತು. ಅತ್ತೆಯ ತುಟಿ ಆಡತೊಡಗಿತು, ಎಂದಿನಂತೆ ದನಿಯಿಲ್ಲದೆ. ಏನು ಹೇಳುತ್ತಿದ್ದಾರೆಂದು ಮನೆಯವರಾರಿಗೂ ತಿಳಿಯಲಿಲ್ಲ. ಆದರೆ ಆ ಕಡೆಯಿಂದ ಕಿರುಚಾಟ ಬರುತ್ತಿತ್ತಲ್ಲ, ಅದು ಬೀದಿಗೆಲ್ಲ ತಿಳಿಯಿತು.

"ಏನೂ? ಸಿಟ್ಟಿಲ್ವಾ? ಮತ್ಯಾಕೇ ಪುಟ್ಟೀ ಮುಖ ತೋರಿಸ್ಲಿಲ್ಲ?"

ತುಟಿ ಆಡಿತು.

"ಹಲ್ಲಿರ್ಲಿಲ್ವಾ? ನಿಂದು ಕಟ್ಟಿಸಿದ ಹಲ್ಲಾ?"

ಎದುರಿನ ಎರಡು ಬಾಲ್ಕನಿಯಲ್ಲಿ ಚಹಾದ ಲೋಟಗಳು ನಿಂತಲ್ಲೇ ನಿಂತವು. ಅತ್ತೆ ಬೆರಳನ್ನು ತುಟಿಯ ಮೇಲಿಟ್ಟು ಮೆಲ್ಲಗೆ ಎಂದು ಸನ್ನೆ ಮಾಡಿದರು. ಅಣ್ಣನಿಗೆ ಮೆಲ್ಲಗೆ ಎಂದರೇನೆಂದು ಮರೆತು ಎಷ್ಟೋ ಕಾಲವಾಗಿತ್ತು.

"ಅಳಿಯ ಮಾಡಿದ್ನಾ? ಪೊಲೀಸು ಹಿಡಿದ್ರೂ ಹಿಡೀಲಿ ಅಂತ ಅಂಗಡಿ ತೆಗೆದ್ನಾ? ಬಗ್ಗಿ ಬಗ್ಗಿ ಹೋಗಿ ಸೊಂಟ ಹಿಡ್ಕೊಂಡಿದೆಯಾ ಪಾಪ? ಇಷ್ಟು ದಿನ ಯಾರೂ ಏಳೋಕೆ ಮುಂಚೆ ಎದ್ದು, ಅಂಚು ಕತ್ತರಿಸಿ, ಬ್ರೆಡ್ಡು ನೆನೆಸಿ ಇಟ್ಟು ಓಡಿಹೋಗ್ತಿದ್ನಾ? ಆಂ? ಇನ್ನೊಂದ್ಸಲ ಹೇಳು. ಮೂರ್ ಜನ ಅಳಿಯಂದಿರಲ್ಲಿ ಇವನೇ ಚಿನ್ನಾನಾ? ಮುಖದ ಮೇಲೆ ಹೇಳೋಕೆ ನಾಚಿಕೆ ಅಂತೀಯಾ? ಆಯ್ತು ಬಿಡು, ನಾನೂ ಯಾರಿಗೂ ಹೇಳಲ್ಲ!"

ಬೀದಿಯುದ್ದಕ್ಕೂ ಚಪ್ಪಾಳೆ ಬಿತ್ತು. ಬಾಗಿಲ ಹಿಂದೆ ನಿಂತ ಹಲ್ಲಣ್ಣನಿಗೆ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಅತ್ತೆಯ ಬಾಯಿಂದ ಒಂದು ಮೆಚ್ಚುಗೆಗೆ ಕಾದಿದ್ದ. ಬಂತು, ಆದರೆ ಬೇರೆಯವರ ಬಾಯಿಂದ, ಊರಿಗೆಲ್ಲ ಕೇಳುವಂತೆ ಬಂತು. ಆ ಕ್ಷಣದಲ್ಲಿ ಅವನಿಗೆ ತುಕ್ಕು ಹಿಡಿದ ಶಟರಿನ ಮೇಲೂ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಅಣ್ಣ ಫೋನಿಗೆ ಮುಖ ಹತ್ತಿರ ತಂದು, "ಪುಟ್ಟೀ, ನೀನು ನಿಜ ಹೇಳಿದ್ಮೇಲೆ ನಾನೂ ಹೇಳ್ತೀನಿ, ನೋಡು," ಎಂದು ಬಾಯೊಳಗೆ ಎರಡು ಬೆರಳು ಹಾಕಿದರು. ಕಬ್ಬಿಣ ಅಗಿಯುವ ಆ ಪ್ರಸಿದ್ಧ ಸಾಲು ಇಡಿಯಾಗಿ ಕೈಗೆ ಬಂತು. ಅದನ್ನು ಎತ್ತಿ ತೋರಿಸಿ, ಮತ್ತೆ ಹಾಕಿಕೊಂಡು ಕಿರುಚಿದರು: "ನಿನಗಿಂತ ಮೊದಲೇ ಹೋಗಿದ್ವು ಕಣೇ! ಇದೂ ಈಗ ಟಕ್ ಟಕ್ ಅಂತಿದೆ. ದಾರಿ ತೆಗೆದ ಕೂಡ್ಲೇ ನಿನ್ನ ಚಿನ್ನದಂಥ ಅಳಿಯನ ಕೈಗೇ ಕೊಟ್ಟುಬಿಡ್ತೀನಿ!"

ಅತ್ತೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ಅಳಿಯನ ಕಡೆ ಒಮ್ಮೆ ತಿರುಗಿದರು. ಆಮೇಲೆ, ಅಣ್ಣನಿಗೆ ತುಟಿಯಲ್ಲಿ ಕಾಣುವಂತೆ, ಅಳಿಯನಿಗೆ ಕಿವಿಯಲ್ಲಿ ಕೇಳುವಂತೆ, ಎಷ್ಟೋ ವಾರಗಳ ಮೇಲೆ ಮೊದಲ ಸಲ ದನಿ ತೆಗೆದು ಹೇಳಿದರು.

"ಧಾರಾಳವಾಗಿ ಕೊಡಣ್ಣಾ. ಕೊಡೋಕೆ ಮುಂಚೆ ಮಾತ್ರ ಒಂದ್ಸಲ ಟಿವಿ ನೋಡ್ಕೊಂಡು ಕೊಡು."

"ಹೌದು," ಎಂದ ಹಲ್ಲಣ್ಣ ಬಾಗಿಲ ಹಿಂದಿನಿಂದ. ಅತ್ತೆ ಕಡಲೆಯ ಡಬ್ಬಿ ಕೇಳಿದರು.